ಬಾಳವ್ವನ ನಲವತ್ತು ರೊಟ್ಟಿ

ಬಸವನ ಬಾಗೇವಾಡಿಯಿಂದ ಅಗರಖೇಡಕ್ಕೆ ಸೊಸೆಯಾಗಿ ಬಂದ ಶೇವಂತೆವ್ವ ತನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಐದು ಪತ್ತೇದಾರಿ ಕಾದಂಬರಿಗಳನ್ನು ಅಡಗಿಸಿಕೊಂಡು ತಂದಿದ್ದಳು. ಮ್ಯಾಟ್ರಿಕ್ ಪಾಸಾದ ಹುಡುಗಿ, ಅಷ್ಟು ಧೈರ್ಯ ಇರಬೇಕಾದದ್ದೇ. ಆದರೆ ಅತ್ತೆ ಕಾಶಿಬಾಯಿಯ ಕಣ್ಣಿಗೆ ಮಣ್ಣೆರಚುವುದು ಆ ಊರಿನಲ್ಲಿ ಯಾರಿಂದಲೂ ಆಗದ ಕೆಲಸ. ಮೂರನೆಯ ದಿನಕ್ಕೇ ಪುಸ್ತಕಗಳು ಹೊರಬಿದ್ದವು. ಒಂದರ ಮೇಲೆ ರಕ್ತ ಹತ್ತಿದ ಚೂರಿ, ಇನ್ನೊಂದರ ಮೇಲೆ ತಲೆಬುರುಡೆ, ಮತ್ತೊಂದರ ಮೇಲೆ ಅರ್ಧ ಸೀರೆ ಉಟ್ಟು ಪೂರ್ತಿ ಹೆದರಿದ ಹೆಂಗಸು.

"ಏನಿದು ಶೇವಂತಿ? ಸಂಸಾರ ಮಾಡಾಕ ಬಂದೀಯೋ, ಖೂನಿ ಮಾಡಾಕ ಬಂದೀಯೋ?"

"ಕತಿ ಪುಸ್ತಕರಿ ಅತ್ತಿ."

"ಕತಿ ಅಂದ್ರ ಪುರಾಣ. ಇದು ಪೊಲೀಸರ ಕೆಲಸ."

ಪುಸ್ತಕಗಳು ಅಟ್ಟ ಸೇರಿದವು. ಶೇವಂತೆವ್ವ ಎರಡು ತಿಂಗಳು ಜೀರಿಗೆ ಕಟ್ಟಿಕೊಟ್ಟ ಹಳೆಯ ಪೇಪರಿನ ಚೂರು, ಬೆಂಕಿಪೆಟ್ಟಿಗೆಯ ಮೇಲಿನ ಅಕ್ಷರ, ಗಂಡನ ಬಸ್ಸಿನ ಟಿಕೇಟು ಓದಿಕೊಂಡು ದಿನ ತಳ್ಳಿದಳು. ಗಂಡ ಸಿದ್ದರಾಯ ಒಳ್ಳೆಯವನೇ. ಆದರೆ ತಾಯಿಯ ಮುಂದೆ ಅವನ ಬಾಯಿ ಊಟಕ್ಕೆ ಮಾತ್ರ ತೆರೆಯುತ್ತಿತ್ತು.

ಎಪ್ಪತ್ತೈದರ ಬೇಸಿಗೆ ಬಂತು. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹೊಲಿಯುವ ಕೂಟ ಶುರುವಾಯಿತು. ಕಾಶಿಬಾಯಿ, ಎದುರು ಮನೆಯ ಶಂಕ್ರೆವ್ವ, ಮತ್ತೆ ಹಿಂದಿನ ಓಣಿಯ ಜೈತುನಬಿ. ಜೈತುನಬಿಯ ಗಂಡ ಟೇಲರು. ಅವಳು ತುಂಡು ಬಟ್ಟೆಯ ಗಂಟು ತರದಿದ್ದರೆ ಕೌದಿಗೆ ಬಣ್ಣವೇ ಇರುತ್ತಿರಲಿಲ್ಲ. ಶಂಕ್ರೆವ್ವ ತಂದದ್ದು ತನ್ನ ನಾದಿನಿಯ ಮೇಲಿನ ದೂರು. ನಾಲ್ಕು ದಿನ ಅದೇ ನಾದಿನಿ, ಅದೇ ದೂರು. ಐದನೆಯ ದಿನ ಕಾಶಿಬಾಯಿಗೆ ತಲೆ ಚಿಟ್ಟು ಹಿಡಿದು, "ಶೇವಂತಿ, ಆ ಖೂನಿ ಪುಸ್ತಕ ತಗೊಂಡ ಬಾ. ಇಕಿ ನಾದಿನಿಕಿಂತ ಅದs ಬೇಶಿ" ಅಂದಳು.

ಒಂದು ತಾಸಿನಲ್ಲಿ ಮೂರೂ ಸೂಜಿಗಳು ನಿಂತವು. ಪುಸ್ತಕ ಮುಗಿದ ದಿನ ಕಾಶಿಬಾಯಿ ಕಾಯಿದೆ ಮಾಡಿದಳು. ಓದುವುದು ಕೌದಿ ಹೊಲಿಯುವಾಗ ಮಾತ್ರ, ಅದೂ ಎಲ್ಲರಿಗೂ ಕೇಳುವಂತೆ. "ಬಾಯಿ ಮುಚ್ಚಿ ಓದೂದು ಅಂದ್ರ ಕದಾ ಹಾಕ್ಕೊಂಡು ಒಬ್ಬಾಕೀನ ಉಂಡಂಗ" ಎಂಬುದು ಅವಳ ತೀರ್ಮಾನ. ಶೇವಂತೆವ್ವ ತಲೆಯಾಡಿಸಿದಳು. ಎಲ್ಲರೂ ಉಂಡು ಅಡ್ಡಾದಾಗ ಅಡುಗೆಮನೆಯಲ್ಲಿ ಕೂತು ಮುಂದಿನದನ್ನೆಲ್ಲ ಓದಿ ಮುಗಿಸುತ್ತಿದ್ದಳು ಎಂಬುದು ಬೇರೆ ಮಾತು. ತಡೆಯಲಾಗದ ಚಟ ಅದು.

ಅಟ್ಟದ ಮೇಲಿನ ಐದೂ ಮುಗಿದ ಮೇಲೆ ಸಿದ್ದರಾಯ ಇಂಡಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ನಿಜಾಮುದ್ದೀನನ ಅಂಗಡಿಯಲ್ಲಿ ಓದಿದ್ದನ್ನು ಕೊಟ್ಟು ಹೊಸದನ್ನು ತರತೊಡಗಿದ. ತಾಯಿಯೇ "ಖೂನಿ ಇದ್ದದ್ದ ನೋಡಿ ತಾರೋ" ಎಂದು ಹೇಳಿ ಕಳಿಸುವಳು. ಪರವೂರಿನ ಆ ಮನೆಯಲ್ಲಿ ಶೇವಂತೆವ್ವನಿಗೆ ತನ್ನದು ಅನ್ನಿಸುತ್ತಿದ್ದುದು ಮಧ್ಯಾಹ್ನದ ಆ ಒಂದು ತಾಸು ಮಾತ್ರ. ಉಳಿದ ಹೊತ್ತೆಲ್ಲ ಅವಳು ಸೊಸೆ. ಆ ತಾಸಿನಲ್ಲಿ ಮಾತ್ರ ಮೂವರು ದೊಡ್ಡವರು ಅವಳ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು.

ಅಷ್ಟರಲ್ಲಿ ಮುಖಪುಟ ಕಿತ್ತುಹೋದ ಒಂದು ಪುಸ್ತಕ ಬಂತು. ಹೆಸರಿಲ್ಲ, ಬರೆದವರು ಯಾರೆಂದು ಗೊತ್ತಿಲ್ಲ. ಇಲ್ಲಿಯವರೆಗಿನ ಖೂನಿಗಳೆಲ್ಲ ಬೆಂಗಳೂರಿನ ಲಾಡ್ಜಿನಲ್ಲೋ ಮುಂಬೈಯ ಬಂಗಲೆಯಲ್ಲೋ ಆಗಿದ್ದವು. ಇದು ಹಾಗಲ್ಲ. ನೂರು ಮನೆಯ ಹಳ್ಳಿ, ಒಂದೇ ಬಾವಿ, ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕಾದವರೇ. ಬೆಳಗಿನ ಜಾವ ಒಂದು ತಂಬಿಗೆ ಮಜ್ಜಿಗೆ ಕುಡಿದು ಮಲಗಿದ ಊರ ಗೌಡ ಹೊತ್ತು ಹುಟ್ಟುವಾಗ ಹೆಣವಾಗಿದ್ದ. ಮಜ್ಜಿಗೆಯಲ್ಲಿ ವಿಷ.

"ಈಗ ಮಜಾ ಐತಿ ನೋಡು," ಅಂದಳು ಶಂಕ್ರೆವ್ವ. "ಮುಂಬೈದಾಗ ಖೂನಿ ಮಾಡಿದಾಂವ ರೈಲು ಹತ್ತಿ ಓಡಿ ಹೋಗ್ತಾನ. ಇಲ್ಲಿ ಮಾಡಿದಾಕಿ ಮರುದಿನ ಅದs ಬಾವಿಗೆ ಕೊಡ ಹಿಡಕೊಂಡು ಬರಬೇಕು, 'ಊಟ ಆತೇನವಾ' ಅಂತ ಕೇಳಬೇಕು."

ಆ ಹಳ್ಳಿಯಲ್ಲಿ ಬಾಳವ್ವ ಎಂಬ ಹೆಂಗಸಿದ್ದಳು. ಗೌಡನ ಪಕ್ಕದ ಮನೆಯವಳು. ಎಲ್ಲರನ್ನೂ ಬೈಯುವವಳು, ಎಲ್ಲರ ಬಾಣಂತನಕ್ಕೂ ಹಾಜರಿರುವವಳು. ಅವಳು ಬಾಯಿ ತೆರೆದ ಎರಡನೆಯ ಮಾತಿಗೇ ಜೈತುನಬಿ ನಕ್ಕು, "ಯವ್ವಾ, ಇಕಿ ನಮ್ಮ ಕಾಶಿಬಾಯಿ ಅಕ್ಕಾರs ನೋಡ್ರಿ!" ಅಂದುಬಿಟ್ಟಳು. ಕಾಶಿಬಾಯಿ ಹುಸಿಮುನಿಸು ತೋರಿಸಿದಳು. ಆದರೆ ಆವತ್ತಿನಿಂದ ಬಾಳವ್ವ ಬಂದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಗೌಡ ಸತ್ತ ಬೆಳಿಗ್ಗೆ, ಅಳುವ ಧ್ವನಿ ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಬುಟ್ಟಿ ತುಂಬ ರೊಟ್ಟಿ ಹೊತ್ತು ಬಂದವಳು ಬಾಳವ್ವ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ರೊಟ್ಟಿ ಒಯ್ಯಬೇಕು. ಅದನ್ನು ಓದಿದಾಗ ಮೂವರೂ ಕಣ್ಣೊರೆಸಿಕೊಂಡರು. "ಕರುಳು ಅಂದ್ರ ಅದು" ಎಂದಳು ಕಾಶಿಬಾಯಿ, ತನ್ನದೇ ಕರುಳಿನ ಬಗ್ಗೆ ಹೇಳಿದಂತೆ. ಬಾವಿಯ ಹತ್ತಿರವೂ ಹೆಂಗಸರು ಅವಳನ್ನು "ಬಾಳವ್ವಾ" ಎಂದು ಕೂಗತೊಡಗಿದರು. ಅವಳು "ಓ" ಅನ್ನುತ್ತಿದ್ದಳು.

ಮುಂದಿನ ಮಂಗಳವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಶೇವಂತೆವ್ವ ಕೊನೆಯ ಅಧ್ಯಾಯ ಓದಿ ಮುಗಿಸಿದಳು. ಖೂನಿ ಮಾಡಿದವಳು ಬಾಳವ್ವ.

ಇದನ್ನು ಪಡಸಾಲೆಯಲ್ಲಿ ಓದುವುದು ಹೇಗೆ? ಶಂಕ್ರೆವ್ವನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಬಾವಿಕಟ್ಟೆಯ ತುಂಬ ನಗೆ. ಅತ್ತೆಯ ಮುಖ ಕೆಂಪಾಗುತ್ತದೆ, ಪುಸ್ತಕಗಳು ಅಟ್ಟಕ್ಕಲ್ಲ, ಈ ಸಲ ಒಲೆಗೇ ಹೋಗುತ್ತವೆ. ಆ ಒಂದು ತಾಸು ಹೋದರೆ ಈ ಮನೆಯಲ್ಲಿ ತನಗೆ ಉಳಿಯುವುದೇನು? ಅಷ್ಟೇ ಅಲ್ಲ, ಬಾಳವ್ವ ಬಂದಾಗ ನೆಟ್ಟಗಾಗುವ ಆ ಬೆನ್ನು ನೋಡಿ ನೋಡಿ ಅವಳಿಗೆ ಅತ್ತೆಯ ಮೇಲೆ ಅಕ್ಕರೆಯೂ ಹುಟ್ಟಿತ್ತು. ಅದನ್ನು ತನ್ನ ಬಾಯಿಂದಲೇ ಮುರಿಯಲು ಮನಸ್ಸು ಬರಲಿಲ್ಲ. ಕಥೆಯಲ್ಲಿ ಹುಬ್ಬಳ್ಳಿಯಿಂದ ಬಂದ ಒಬ್ಬ ಕಂಪೌಂಡರ್ ಇದ್ದ. ಪರವೂರಿನವ, ಕೈಯಲ್ಲಿ ಔಷಧ ಇರುವವ, ಅಗರಖೇಡದಲ್ಲಿ ಯಾರನ್ನೂ ಹೋಲದವ. ಪಾಪ, ಅವನ ಕೊರಳಿಗೆ ಹಗ್ಗ ಬಿಗಿಯುವುದೆಂದು ಶೇವಂತೆವ್ವ ನಿರ್ಧರಿಸಿದಳು.

ಕೂಟ ಸೇರಿತು. ಅವಳು ಪುಸ್ತಕದ ಮೇಲೆ ಕಣ್ಣಿಟ್ಟು, ಪುಸ್ತಕದಲ್ಲಿಲ್ಲದ್ದನ್ನು ಸರಾಗವಾಗಿ ಓದಿದಳು. ಪತ್ತೇದಾರ ಬಂದ, ಕಂಪೌಂಡರನ ಕಡೆ ಬೆರಳು ತೋರಿಸಿದ, ಕಂಪೌಂಡರ್ ಕುಸಿದು ಬಿದ್ದು ಒಪ್ಪಿಕೊಂಡ. ಮುಗಿಯಿತು.

"ಹಾಟ್ಯಾ!" ಎಂದು ಕಂಪೌಂಡರನನ್ನು ಬೈದಳು ಶಂಕ್ರೆವ್ವ. ಜೈತುನಬಿ ಸೂಜಿಗೆ ದಾರ ಪೋಣಿಸಿದಳು. ಕಾಶಿಬಾಯಿ ಒಂದು ಸಾಲು ಹೊಲಿಗೆ ಹಾಕಿದಳು, ದಾರ ಹಲ್ಲಿನಿಂದ ಕಡಿದಳು.

"ಪರವೂರ ಗಂಡಸು ಗೌಡನ ಅಡಗಿಮನಿಗೆ ಹೋಗಿ ಮಜ್ಜಿಗಿ ಗಡಗಿಗೆ ಹ್ಯಾಂಗ ಕೈ ಹಾಕಿದ?"

"ಹಿತ್ತಲ ಬಾಗಲಾ ತಗದಿತ್ತಂತ್ರಿ ಅತ್ತಿ."

"ಹೂಂ." ಇನ್ನೊಂದು ಸಾಲು ಹೊಲಿಗೆ. "ಬಾಳವ್ವ ತಂದ ರೊಟ್ಟಿ ಎಷ್ಟಿದ್ವು?"

"ನಲವತ್ತು."

"ಆರಿದ್ವೋ, ಬಿಸಿ ಇದ್ವೋ?"

"ಹಬಿ ಆಡಾಕತ್ತಿತ್ತಂತ ಬರದಾರ್ರಿ."

ಕಾಶಿಬಾಯಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ಶಂಕ್ರಿ, ನಿನ್ನ ಕೈ ಚುರುಕು. ನಲವತ್ತು ರೊಟ್ಟಿ ಬಡಿಯಾಕ ಎಷ್ಟೊತ್ತು ಬೇಕು?"

"ನೀರು ಕಾಸಬೇಕು, ಹಿಟ್ಟು ನಾದಬೇಕು. ಒಬ್ಬಾಕೀನ ಬಡಿದ್ರ ಎರಡು ತಾಸು ಅನ್ನು."

"ಗೌಡತಿ ಅತ್ತದ್ದು ಹೊತ್ತು ಹುಟ್ಟುವಾಗ. ಬಾಳವ್ವ ಬಂದದ್ದು ಓಣಿ ಮಂದಿ ಕೂಡೂದರಾಗ. ಅಕಿ ಮನ್ಯಾಗ ಉಣ್ಣೋರು ಇಬ್ಬರು."

ಜೈತುನಬಿಯ ಬಾಯಿ ಮೆಲ್ಲಗೆ ತೆರೆಯಿತು. "ಖರೇ ಐತ್ರಿ ಅಕ್ಕಾರ. ಬಾಜೂ ಮನ್ಯಾಗ ಅಳೂದು ಕೇಳಿದ್ರ ಹೆಂಗಸು ಬರಿಗೈಲೆ ಓಡತಾಳ. ಒಲಿ ಮುಂದ ಯಾಕ ಕುಂದರತಾಳ?"

"ಗೌಡ ಸಾಯೂಕಿಂತ ಮದಲ ಅಕಿ ಹಿಟ್ಟು ನಾದ್ಯಾಳ," ಅಂದಳು ಕಾಶಿಬಾಯಿ. "ಸಾಯತಾನಂತ ಅಕಿಗೆ ಗೊತ್ತಿತ್ತು."

ಶೇವಂತೆವ್ವ ದಂಗಾಗಿ ಕೂತಳು. ಪುಸ್ತಕದ ಪತ್ತೇದಾರ ಬೆಂಗಳೂರಿನಿಂದ ಬಂದು, ಭೂತಗನ್ನಡಿ ಹಿಡಿದು, ನೂರೆಂಬತ್ತು ಪುಟ ಓಡಾಡಿ, ಕೊನೆಗೆ ಒಂದು ಬಾಟಲಿಯ ಮುಚ್ಚಳದಿಂದ ಬಾಳವ್ವನನ್ನು ಹಿಡಿದಿದ್ದ. ರೊಟ್ಟಿಯ ಮಾತನ್ನು ಅವನು ಎತ್ತಿರಲೇ ಇಲ್ಲ. ಬರೆದವನಿಗೇ ಗೊತ್ತಿರದ ಪುರಾವೆಯನ್ನು ಅಕ್ಷರ ಬಾರದ ತನ್ನ ಅತ್ತೆ ಕೂತಲ್ಲೇ ಹಿಡಿದಿದ್ದಳು.

"ನೀ ಸುಳ್ಳು ಓದಿದಿ, ಶೇವಂತಿ."

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೌದ್ರಿ ಅತ್ತಿ. ನಿಮಗ ಬ್ಯಾಸರ ಆಗ್ತೈತಂತ..."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಬರಲಿಲ್ಲ. ಕಾಶಿಬಾಯಿಯ ದನಿ ಕೆಳಗಿಳಿದಿತ್ತು.

"ಬಾಳವ್ವ ಖೂನಿ ಮಾಡಿದ್ರ ನನಗೇನು ಬ್ಯಾಸರ? ಸಿದ್ದ ಹೊಟ್ಟ್ಯಾಗಿದ್ದಾಗ ಮುದ್ದೇಬಿಹಾಳ ಕಡಿಂದ, ನನ್ನ ತವರಿನಿಂದ, ಕಾಗದ ಬಂದಿತ್ತು. ನಮ್ಮ ಭಾವ ಓದಿದ. 'ಎಲ್ಲಾರೂ ಆರಾಮ ಅದಾರಂತ' ಅಂದ. ಎಂಟು ದಿನಕ್ಕ ನಮ್ಮವ್ವ ಹೋದ್ಲು ಅಂತ ಮಂದಿ ಬಂದ್ರು. ಯಾಕ ಹಿಂಗ ಮಾಡಿದಿ ಅಂದ್ರ, ಬಸುರಿ ಅದಿ, ಬ್ಯಾಸರ ಮಾಡ್ಕೊತಿ ಅಂತ ಓದಲಿಲ್ಲ ಅಂದ. ಅವನೂ ಒಳ್ಳೇದಕ್ಕs ಮಾಡಿದ. ನಮ್ಮವ್ವ ನನ್ನ ದಾರಿ ನೋಡಕೋತ ಜೀವ ಬಿಟ್ಲೇನೋ ಅಂತ ಇಪ್ಪತ್ತಾರು ವರ್ಷ ಆತು, ನಾ ರೊಟ್ಟಿ ಮುರಿಯೂವಾಗೆಲ್ಲಾ ನೆನಸ್ತೇನಿ." ಅವಳು ಸೊಸೆಯ ಮುಖ ನೋಡಿದಳು. "ಓದಾಕ ಬರದಾಕಿಗೆ ಸುಳ್ಳು ಓದಬ್ಯಾಡವಾ. ನಮಗ ಮತ್ತ ಯಾರ್ನ ಕೇಳೂನಂದ್ರ ದಾರಿ ಇರಂಗಿಲ್ಲ."

ಶೇವಂತೆವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣೊರೆಸಿಕೊಂಡು ಕೊನೆಯ ಅಧ್ಯಾಯವನ್ನು ಮೊದಲಿನಿಂದ ಓದಿದಳು, ಈ ಸಲ ಇದ್ದದ್ದು ಇದ್ದಂತೆ. ಬಾಳವ್ವನ ಒಬ್ಬಳೇ ಮಗಳನ್ನು ಗೌಡ ಬಾವಿಗೆ ನೂಕಿದ್ದ, ಊರೆಲ್ಲ ಕಾಲು ಜಾರಿತು ಎಂದಿತ್ತು. ಶಂಕ್ರೆವ್ವ ಮೂಗು ಸೀಟಿ, "ಛಲೋ ಮಾಡಿದ್ಲು" ಅಂದಳು. ಯಾರೂ ನಗಲಿಲ್ಲ.

ಮುಗಿದ ಮೇಲೆ ಕಾಶಿಬಾಯಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮಡಿಕೆ ಮಡಿಕೆಯಾಗಿ ಹಳದಿಯಾದ ಒಂದು ಕಾಗದವಿತ್ತು.

"ಇದರಾಗ ಏನ್ ಬರದಾರಂತ ಇವತ್ತಿನ ತನಕ ನನಗ ಗೊತ್ತಿಲ್ಲ. ಯಾರ ಕೈಯಾಗೂ ಕೊಡಾಕ ಧೈರ್ಯ ಆಗಲಿಲ್ಲ. ಓದು."

ಯಾರೋ ಮಾಸ್ತರರ ದುಂಡನೆಯ ಅಕ್ಷರ. ಶೇವಂತೆವ್ವ ಬಾಯಿಬಿಟ್ಟು ಓದುವ ಮೊದಲು ಕಣ್ಣಿನಿಂದ ಓದಲಿಲ್ಲ. ಆ ಚಟವನ್ನು ಅವಳು ತಡೆದುಕೊಂಡದ್ದು ಅದೇ ಮೊದಲು.

"ಚಿರಂಜೀವಿ ಕಾಶಿಬಾಯಿಗೆ ನಿನ್ನ ತಾಯಿಯ ಆಶೀರ್ವಾದ. ನನಗೆ ಜಡ್ಡು ಬಹಳವಾಗಿದೆ. ಇನ್ನು ಏಳುವ ಹಾಗೆ ಕಾಣುವುದಿಲ್ಲ. ಈ ಸುದ್ದಿ ಕೇಳಿ ನೀನು ಗಾಡಿ ಹತ್ತಬೇಡ. ಹೊಟ್ಟೆಯಲ್ಲಿ ಕೂಸು ಇದೆ, ದಾರಿ ದೂರ. ಬರಬೇಡ. ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. ಕೂಸಿಗೆ ನೀರು ಎರೆಯುವಾಗ ನನ್ನನ್ನು ನೆನೆಸು."

ಓದಿ ತಲೆ ಎತ್ತಿದಾಗ ಅತ್ತೆ ಅವಳನ್ನೇ ದಿಟ್ಟಿಸುತ್ತಿದ್ದಳು. ಆ ನೋಟದ ಅರ್ಥ ಶೇವಂತೆವ್ವನಿಗೆ ತಿಳಿಯಿತು. ಮನಸ್ಸಿಗೆ ಹಿತವಾಗಲೆಂದು ಕಟ್ಟಿ ಹೇಳುವ ಸುಳ್ಳು ಕೂಡ ಹೀಗೇ ಇರುತ್ತದಲ್ಲ. ತಾಸಿನ ಹಿಂದೆ ಅಂಥದ್ದನ್ನು ಓದಿದ ಬಾಯಿ ಇದು. ಇದು ಖರೆ ಎಂದು ಹೇಗೆ ನಂಬಿಸುವುದು?

"ಇನ್ನೊಮ್ಮಿ ಓದು," ಅಂದಳು ಕಾಶಿಬಾಯಿ.

ಓದಿದಳು. ಕಾಶಿಬಾಯಿ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಒಂದೊಂದೇ ಮಾತನ್ನು ಹಿಡಿದುಕೊಂಡಳು. ಮೂರನೆಯ ಸಲ ಓದಿಸಿದಳು. ನಡುವೆ ತಡೆದು, "ಗಾಡಿ ಹತ್ತಬೇಡ ಅಂದ ಮ್ಯಾಲೆ ಏನೈತಿ?" ಎಂದು ಕೇಳಿದಳು. "ಹೊಟ್ಟೆಯಲ್ಲಿ ಕೂಸು ಇದೆ, ದಾರಿ ದೂರ." ಹಿಂದಿನದನ್ನು ಕೇಳಿದಳು, ಮುಂದಿನದನ್ನು ಕೇಳಿದಳು. ಮೂರು ಸಲಕ್ಕೂ ಒಂದು ಮಾತು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ.

"ಬರಬೇಡ ಅಂತ ಎಲ್ಲಿ ಐತಿ? ಬೆರಳಿಟ್ಟು ತೋರಿಸು."

ಶೇವಂತೆವ್ವ ಬೆರಳಿಟ್ಟಳು. ಅವಳ ಬೆರಳು ಸರಿಸಿ ಕಾಶಿಬಾಯಿ ಅಲ್ಲಿ ತನ್ನ ಹೆಬ್ಬೆರಳಿಟ್ಟಳು. ಆಮೇಲೆ ಅಳು ಬಂತು. ಅಳುತ್ತಲೇ ಶಂಕ್ರೆವ್ವನ ಕಡೆ, ಜೈತುನಬಿಯ ಕಡೆ ತಿರುಗಿ, ಅವರಿಬ್ಬರೂ ಆಗಲೇ ಮೂರು ಸಲ ಕೇಳಿದ್ದ ಸುದ್ದಿಯನ್ನು ಹೊಸದಾಗಿ ಹೇಳಿದಳು.

"ಬರಬ್ಯಾಡ ಅಂದಿದ್ಲು. ನಮ್ಮವ್ವ ನನ್ನ ದಾರಿ ನೋಡಿಲ್ಲ. ಬರಬ್ಯಾಡ ಅಂದಿದ್ಲು."