ಭಾನುವಾರಕ್ಕೊಂದು ಕಾರು

ಭಾನುವಾರ ಓಡಿಸಲಿಕ್ಕೆಂದು ಒಂದು ಕಾರು ಆರಿಸಲು ನಮ್ಮ ಯಜಮಾನರು ಏಳು ತಿಂಗಳ ಭಾನುವಾರಗಳನ್ನೆಲ್ಲ ಕಳೆದರು. ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಒಪ್ಪಿಗೆ ಹೇಳಿದ್ದ ನಾಗಭೂಷಣ ಇವರೇ. ಹೆಂಡತಿಗಾದರೆ ಪರೀಕ್ಷೆ ಬೇಡ, ಕಾರಿಗೆ ಬೇಕು ಎಂದುಕೊಂಡರೋ ಏನೋ.

ನಾನು ವನಜಾಕ್ಷಿ, ಚಳ್ಳಕೆರೆಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಅವರದು ಎರಡು ಬೋರ್‌ವೆಲ್ ಲಾರಿ. ನಲವತ್ತೇಳನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತು ಲೈಸೆನ್ಸ್ ತಂದ ದಿನ ಅವರು ಯಾವ ಹುರುಪಿನಲ್ಲಿದ್ದರೋ, ಅತ್ತೆಯ ಎದುರಿಗೇ ಮಾತು ಕೊಟ್ಟುಬಿಟ್ಟರು: "ಭಾನುವಾರಕ್ಕೆ ಅಂತ ಒಂದು ಒಳ್ಳೆ ಕಾರು ತರ್ತೀನಿ. ಮೊದ್ಲು ಸ್ಟೇರಿಂಗ್ ಹಿಡಿಯೋಳು ನೀನೇ."

ನನಗೆ ಬೇಕಿದ್ದದ್ದೂ ಅಷ್ಟೇ. ಚಳ್ಳಕೆರೆಯಿಂದ, ನಾನು ಮೊದಲು ಕೆಲಸಕ್ಕಿದ್ದ ನಾಯಕನಹಟ್ಟಿಗೆ ಹೋಗುವ ರಸ್ತೆಯನ್ನು ಇಪ್ಪತ್ತು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಬಯಲು, ಒಣಹುಲ್ಲು, ಮೇಲೆ ಬರೀ ಆಕಾಶ. ಆ ರಸ್ತೆಯಲ್ಲಿ ಒಮ್ಮೆ ನಾನೇ ಓಡಿಸಿಕೊಂಡು ಹೋಗಬೇಕು ಎಂಬುದು ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು.

ಸೋಸಿ ಸೋಸಿ ಕೊನೆಗೆ ಉಳಿದದ್ದು ಎರಡು ಕಾರು. ಒಂದು, ನಮ್ಮೂರಿನಲ್ಲೇ ಸೆಕೆಂಡ್ ಹ್ಯಾಂಡ್ ಕಾರು ಮಾರುವ ಲೋಹಿತನ ಬಳಿ ಇದ್ದ ನೀಲಿ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಯಾರೋ ಎಂಟು ವರ್ಷ ಓಡಿಸಿ ಕೊಟ್ಟದ್ದು. ಗುಂಡಿ ಒತ್ತಿದರೆ ಸ್ಟಾರ್ಟ್, ಗೇರು ತಾನೇ ಬದಲಾಗುತ್ತದೆ. ಲೋಹಿತ ಕೀಲಿಯನ್ನು ನನ್ನ ಕೈಗೇ ಕೊಟ್ಟ. ನಾಯಕನಹಟ್ಟಿ ರಸ್ತೆಯಲ್ಲಿ ಮೂರು ಕಿಲೋಮೀಟರು ಹೋಗಿ ತಿರುಗಿಸಿಕೊಂಡು ಬಂದೆ. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಪಕ್ಕದಲ್ಲಿ ಯಜಮಾನರು ಬಾಗಿಲನ್ನು ಬಿಗಿಯಾಗಿ ಹಿಡಿದು, ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದರು. ಇಳಿದ ಮೇಲೆ ತೀರ್ಪು ಬಂತು. ಈ ಕಾರಿಗೆ ಜೀವವೇ ಇಲ್ಲವಂತೆ, ಇದನ್ನು ಯಾರು ಬೇಕಾದರೂ ಓಡಿಸಬಹುದಂತೆ. ಆ ಯಾರು ಬೇಕಾದರೂ ಯಾರೆಂದು ನಾನು ಕೇಳಲಿಲ್ಲ.

ಇನ್ನೊಂದು ಮೊಳಕಾಲ್ಮೂರಿನಲ್ಲಿತ್ತು. ಸೀರೆ ವ್ಯಾಪಾರಿ ಸಿದ್ದಲಿಂಗೇಶ್ ಅವರ ತಂದೆ ಇಟ್ಟುಕೊಂಡಿದ್ದ, ಮೇಲ್ಛಾವಣಿ ಮಡಚುವ ಕೆಂಪು ಕಾರು. ನನಗಿಂತ ಹನ್ನೆರಡು ವರ್ಷ ದೊಡ್ಡದು. ಮಗ್ಗದ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ರೇಷ್ಮೆ ಸೀರೆ ಹೊದ್ದು ನಿಂತಿತ್ತು. "ಬಂಗಾರಂ ಸಾರ್, ಬಂಗಾರಂ" ಎಂದು ಸಿದ್ದಲಿಂಗೇಶ್ ಸೀರೆ ಸರಿಸಿದರು. ಚೆಂದವಿತ್ತು, ಸುಳ್ಳೇಕೆ ಹೇಳಲಿ.

ಕೆಳಗೆ ಆಯಿಲ್ ಸೋರುತ್ತಿದೆಯಲ್ಲ ಎಂದೆ. ಕೈಮಗ್ಗದ ಸೀರೆಯಲ್ಲಿ ಒಂದೆರಡು ಎಳೆ ಹೆಚ್ಚುಕಡಿಮೆ ಇರುತ್ತದೆ, ಅದೇ ಅದರ ಲಕ್ಷಣ ಎಂದರು. ಎಡಗಡೆಯ ಬಾಗಿಲು ಮುಚ್ಚುತ್ತಿಲ್ಲ ಎಂದೆ. ಅದೂ ಲಕ್ಷಣವೇ. ಒಂದು ಗುಂಡಿ ಎಳೆದು, ಎರಡು ಸಲ ಪೆಡಲ್ ತುಳಿದು, ಹತ್ತು ಎಣಿಸಿ ಕಾದು ಕೀಲಿ ತಿರುಗಿಸಬೇಕಂತೆ. ನಾಲ್ಕನೇ ಸಲಕ್ಕೆ ಅದು ಎಂಥ ಸದ್ದು ಮಾಡಿ ಎದ್ದಿತೆಂದರೆ, ಬೀದಿಯ ಮಗ್ಗಗಳೆಲ್ಲ ನಿಂತು ಜನ ಹೊರಗೆ ಬಂದು ನೋಡಿದರು. ಯಜಮಾನರ ಕಣ್ಣಲ್ಲಿ ನೀರು. ಹೊಗೆಗೆ ಬಂದ ನೀರಿರಬೇಕೆಂದು ನಾನಂದುಕೊಂಡೆ, ಅಲ್ಲವಂತೆ.

ಯಾವುದು ತರಲಿ ಎಂದು ಅವರು ಅವ್ವನನ್ನೂ ಕೇಳಿದರು. ಅತ್ತೆ ಜುಂಜಮ್ಮ ಹುಟ್ಟಿ ಬೆಳೆದದ್ದು ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯಲ್ಲಿ. ಅವರ ತಮ್ಮ ಪಾಲಣ್ಣ ಇವತ್ತಿಗೂ ಅಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ದೇವರಿಗೆ ಬಿಟ್ಟ ಆ ಎತ್ತುಗಳನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಮೇಯಿಸುವುದು, ಮೈ ತೊಳೆಯುವುದು, ಕೈ ಮುಗಿಯುವುದು, ಅಷ್ಟೇ.

ಕೆಂಪು ಕಾರು ಹೊರೆ ಹೊರುತ್ತದೆಯೇ ಎಂದು ಅತ್ತೆ ಕೇಳಿದರು. ಇಲ್ಲ. ಬಾಡಿಗೆಗೆ ಹೋಗುತ್ತದೆಯೇ? ಇಲ್ಲ. ಮನೆಮಂದಿಯೆಲ್ಲ ಹಿಡಿಯುತ್ತೇವೆಯೇ? ಅದೂ ಇಲ್ಲ. ವಾರಕ್ಕೊಮ್ಮೆ ತೊಳೆಯಬೇಕು, ಪೆಟ್ರೋಲ್ ಕುಡಿಸಬೇಕು, ನೋಡಿ ಸಂತೋಷಪಡಬೇಕು ಎಂದು ಮಗ ವಿವರಿಸಿದರು. ಅತ್ತೆ ಬಹಳ ಹೊತ್ತು ಯೋಚಿಸಿ, "ತಿಳೀತು ಬಿಡಪ್ಪ" ಎಂದರು. ಅವರಿಗೆ ಏನು ತಿಳಿಯಿತೆಂದು ನಾವು ಯಾರೂ ಕೇಳಲಿಲ್ಲ.

ಕೆಂಪು ಕಾರೇ ಬಂತು. ಓಡಿಸಿಕೊಂಡು ಬರಲು ಧೈರ್ಯ ಸಾಲದೆ ಲಾರಿಯ ಮೇಲೆ ಹೊರಿಸಿಕೊಂಡು ಬಂದರು. ಮೊದಲ ಭಾನುವಾರ ನಾನು ಸೆರಗು ಸಿಕ್ಕಿಸಿ, ಕನ್ನಡಕ ಒರೆಸಿಕೊಂಡು ಅಂಗಳಕ್ಕೆ ಬಂದೆ. ಗೇರು ಬಿಗಿಯಾಗಿದೆ, ನಿನ್ನ ಕೈಗೆ ಬಗ್ಗುವುದಿಲ್ಲ, ಮುಂದಿನ ಭಾನುವಾರ ನೋಡಾನ ಎಂದರು. ಮುಂದಿನ ಭಾನುವಾರ ಕ್ಲಚ್ಚಿನ ಸರದಿ, ಅದರ ಮುಂದಿನದು ಬ್ಯಾಟರಿಯದು. ತಾವು ಮಾತ್ರ ಪ್ರತಿ ವಾರ ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿ, ತಳ್ಳಿಸಿಕೊಂಡು ವಾಪಸ್ ಬರುತ್ತಿದ್ದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗುತ್ತಿತ್ತು. ದಿನಕ್ಕೆ ಇನ್ನೂರು ಮಕ್ಕಳು ನನ್ನ ಮಾತು ಕೇಳುತ್ತಾರೆ, ಮನೆಯಲ್ಲಿ ಒಂದು ಕೀಲಿಗೆ ಕೈಯೊಡ್ಡಿ ನಿಲ್ಲಬೇಕು.

ನಾಲ್ಕನೇ ಭಾನುವಾರ ಪಾಲಣ್ಣ ಮಾವ ಅಕ್ಕನನ್ನು ನೋಡಲು ಬಂದಿದ್ದರು. ಅಂಗಳದಲ್ಲಿ ಎಲ್ಲರೂ ಇದ್ದಾಗಲೇ ನಾನು ಕೈ ಚಾಚಿ, "ಕೊಡ್ರಿ ಕೀಲಿ. ಅತ್ತೆ ಎದುರಿಗೆ ಮಾತು ಕೊಟ್ಟಿದ್ರಿ" ಎಂದೆ.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಇದು ಕಾರಲ್ಲ ಕಣೆ, ದೇವರ ಎತ್ತು. ಕಂಡಕಂಡೋರು ಕೈ ಹಾಕೋ ಅಂಥದ್ದಲ್ಲ. ದೇವರಿಗೆ ಬಿಟ್ಟಿದೀನಿ, ತಿಳ್ಕಂಡು ದೂರ ಇರು."

ಪಾಲಣ್ಣ ಮಾವ ಎದ್ದು ನಿಂತರು. ಮೆಟ್ಟು ಕಳಚಿ ಪಕ್ಕಕ್ಕಿಟ್ಟರು. ಅತ್ತೆ ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದರು.

ಯಜಮಾನರು ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಪೇಟೆಯಲ್ಲಿ. ಆ ಹಟ್ಟಿಯ ಕಟ್ಟಳೆ ಅವರಿಗೆ ಮರೆತುಹೋಗಿತ್ತು. ದೇವರಿಗೆ ಬಿಟ್ಟೆ ಎಂದು ಕಿಲಾರಿಯ ಎದುರಿಗೆ ಒಮ್ಮೆ ನುಡಿದರೆ ಮುಗಿಯಿತು. ಕಾಗದ ಬೇಡ, ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಸುಮ್ಮನೆ ಅಂದೆ, ಇವಳ ಬಾಯಿ ಮುಚ್ಚಿಸಲು ಅಂದೆ ಎಂದು ಅವರು ಬಡಬಡಿಸಿದರು. ಅಷ್ಟರಲ್ಲಿ ಬಾನೆಟ್ಟಿಗೆ ಕುಂಕುಮ ಬಿದ್ದಿತ್ತು.

"ಕೆಲ್ಸ ಮಾಡಲ್ಲ, ಹೊರೆ ಹೊರಲ್ಲ ಅಂದಾಗ್ಲೇ ಅಕ್ಕ ನಂಗೆ ಹೇಳಿದ್ಲು, ಇದು ದೇವರದೇ ಇರಬೇಕು ಅಂತ" ಎಂದರು ಪಾಲಣ್ಣ ಮಾವ, ಸಮಾಧಾನವಾಗಿ. "ನಿನ್ ಬಾಯಿಂದ ಬರ್ಲಿ ಅಂತ ಸುಮ್ನಿದ್ವಿ. ನೀನು ನುಡಿದೆ, ನಾನು ಕೇಳ್ದೆ. ಇನ್ನು ಇದನ್ನ ಹೂಡಂಗಿಲ್ಲಪ್ಪ."

ಹೇಗೆ ಬಂದಿತ್ತೋ ಹಾಗೇ, ಲಾರಿಯ ಮೇಲೆ ಅದು ಹಟ್ಟಿಗೆ ಹೋಯಿತು. ದೇವರ ಎತ್ತುಗಳನ್ನು ಕೂಡುವ ರೊಪ್ಪದ ಪಕ್ಕ ಅದಕ್ಕೊಂದು ತಗಡಿನ ಚಪ್ಪರ ಆಯಿತು. ಯಜಮಾನರು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ವಾರ ತಾವಾಗಿಯೇ ಲೋಹಿತನ ಹತ್ತಿರ ಹೋದರು. ಎರಡೇ ಸೀಟಿನ ಕಾರನ್ನು ಚಳ್ಳಕೆರೆಯಲ್ಲಿ ಯಾರು ಕೊಳ್ಳುತ್ತಾರೆ, ನೀಲಿಯದು ಅಲ್ಲೇ ಇತ್ತು. ಮನೆಗೆ ಬಂದು ಕೀಲಿಯನ್ನು ನನ್ನ ಮುಂದಿಟ್ಟರು. ಅತ್ತೆ ನೋಡುತ್ತಿದ್ದರು.

ಈಗ ಭಾನುವಾರ ಬೆಳಗ್ಗೆ ನಾನು ನಾಯಕನಹಟ್ಟಿ ರಸ್ತೆಯಲ್ಲಿ ಓಡಿಸುತ್ತೇನೆ. ಎದುರಿಗೆ ಬಸ್ಸು ಬಂದಾಗ ಕಿಟಕಿಗಳ ಕಡೆ ನೋಡುತ್ತೇನೆ, ಅಲ್ಲಿ ಯಾರಾದರೂ ಒಬ್ಬ ಮೇಡಂ ಕೂತು ನನ್ನನ್ನು ನೋಡುತ್ತಿರಬಹುದು ಎಂದು. ಹಟ್ಟಿಯಲ್ಲಿ ನಿಲ್ಲಿಸುತ್ತೇನೆ. ಯಜಮಾನರು ಇಳಿದು, ಚಪ್ಪಲಿ ಬಿಟ್ಟು, ಕೆಂಪು ಕಾರಿಗೆ ಒಂದು ಸುತ್ತು ಬರುತ್ತಾರೆ. ಪಾಲಣ್ಣ ಮಾವ ಬಟ್ಟೆ ಕೊಟ್ಟರೆ ಒರೆಸುತ್ತಾರೆ. ಅದರ ಕೆಳಗೆ ಈಗಲೂ ಆಯಿಲ್ ಸೋರುತ್ತದೆ.

ಹೋದ ವಾರ ವಾಪಸ್ ಹೊರಡುವಾಗ ಅವರು ನೀಲಿ ಕಾರಿನ ಬಾಗಿಲ ಹತ್ತಿರ ನಿಂತು, ಎಂದೂ ಇಲ್ಲದಷ್ಟು ಮೆತ್ತಗೆ ಕೇಳಿದರು.

"ವನಜಾ, ಇದನ್ನ ಒಂದ್ಸಲ ನಾನು ಓಡಿಸ್ಲಾ?"

ನನಗೆ ಪಾಪ ಅನ್ನಿಸಿತು. ಕೀಲಿ ಕೈಯಲ್ಲೇ ಇತ್ತು. ಮುಂದೆ ರಸ್ತೆ ಖಾಲಿ ಬಿದ್ದಿತ್ತು.

"ಮುಂದಿನ ಭಾನುವಾರ ನೋಡಾನ, ಹತ್ರಿ" ಎಂದೆ.