ಬಾಯ್ಲರಿಗೆ ಹೋದ ಸ್ಟೂಲುಗಳು

ಒಣ ಸೌದೆಯ ಶೆಡ್ಡಿನ ಬಾಗಿಲು ತೆರೆದವಳಿಗೆ ಪಿತ್ತ ನೆತ್ತಿಗೇರಿತು. ಒಳಗೆ ಒಂದು ಜೇಡ, ಒಂದಿಷ್ಟು ತೊಗಟೆ, ಅಷ್ಟೆ. ಊರಿಗೆ ಕರೆಂಟು ಕೊಡುವ ಬಾಯ್ಲರ್ ಅವಳ ಉಸ್ತುವಾರಿಯಲ್ಲಿತ್ತು. ರಿಪೇರಿಗೆಂದು ನಿಲ್ಲಿಸಿ ಈಗ ತಣ್ಣಗಾಗಿತ್ತು. ಒಲೆ ಚೆನ್ನಾಗಿ ಕಾದ ಮೇಲೆ ಹಸಿ ಮರದ ಚಕ್ಕೆಯನ್ನೂ ನುಂಗಿ ನೀರು ಕುಡಿಯುತ್ತದೆ. ಆದರೆ ಮೊದಲು ಹೊತ್ತಿಸಲು ಒಣ ಕಟ್ಟಿಗೆಯೇ ಆಗಬೇಕು, ಇಲ್ಲದಿದ್ದರೆ ಬರೀ ಹೊಗೆ.

ಪೊಲೀಸರನ್ನು ಕರೆಯುವ ಅಗತ್ಯವಿರಲಿಲ್ಲ. ಕಳ್ಳ ಅವಳ ಮನೆಯಲ್ಲೇ, ಅವಳೇ ಮಾಡಿಟ್ಟ ಕಾಫಿ ಕುಡಿಯುತ್ತ ಕೂತಿದ್ದ.

ಅಪ್ಪ ಜೀವಮಾನವೆಲ್ಲ ಬಡಗಿ. ಮಗಳ ಜೊತೆ ಕ್ವಾರ್ಟರ್ಸಿಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಶೆಡ್ಡಿನಲ್ಲಿ ಒಣಗಿದ, ನೇರವಾದ ತುಂಡು ಕಂಡರೆ ಸಾಕು, ಎತ್ತಿಕೊಂಡು ಬಂದು ಸ್ಟೂಲು ಮಾಡುತ್ತಿದ್ದ. ಕ್ವಾರ್ಟರ್ಸಿನಲ್ಲಿ ಅಪ್ಪನ ಸ್ಟೂಲಿಲ್ಲದ ಮನೆಯಿರಲಿಲ್ಲ. ವಾಚ್‌ಮನ್ನಿಗಂತೂ ಎರಡು, ಒಂದು ಕೂರಲು, ಇನ್ನೊಂದು ಕಾಲು ಚಾಚಲು. ಒಂದೆರಡು ತುಂಡು ಹೋದರೆ ಏನು ಮಹಾ ಎಂದು ಅವಳು ಕಂಡೂ ಕಾಣದಂತಿದ್ದದ್ದು ಈಗ ಕುತ್ತಿಗೆಗೆ ಬಂದಿತ್ತು.

ಮನೆಯಲ್ಲಿ ದಿನವೂ ಅದೇ ರಗಳೆ.

"ಇಂಥ ಮರಾನ ಸುಡೋಕೆ ನಿಮಗೆಲ್ಲ ಮನಸ್ಸಾದರೂ ಹೇಗೆ ಬರುತ್ತೆ?" ಎನ್ನುತ್ತಿದ್ದ ಅಪ್ಪ.

"ಸುಡೋಕೇ ಬೆಳೆಸಿದ್ದಪ್ಪಾ ಅದು! ಬಾಯ್ಲರಿಗೇ ಅಂತ ನೆಟ್ಟಿರೋ ತೋಪುಗಳಲ್ಲಿ ವರ್ಷಕ್ಕೆ ಒಂದನ್ನೇ ಕಡಿಯೋದು. ಸರದಿ ಮುಗಿಸಿ ಬರೋಷ್ಟರಲ್ಲಿ ಮೊದಲನೇದು ಬೆಳೆದು ನಿಂತಿರುತ್ತೆ. ಬುಡ ಇದ್ದರೆ ಚಿಗುರುತ್ತೆ. ಎಷ್ಟು ಸಲ ಹೇಳಲಿ?"

"ಚಿಗುರುತ್ತೆ, ಚಿಗುರುತ್ತೆ," ಎಂದು ಅವಳನ್ನೇ ಅಣಕಿಸಿ ಅಪ್ಪ ಉಳಿ ಕೈಗೆತ್ತಿಕೊಳ್ಳುತ್ತಿದ್ದ.

ಇವತ್ತು ವಾದಕ್ಕೆ ಪುರುಸೊತ್ತಿರಲಿಲ್ಲ. ಸಂಜೆಯೊಳಗೆ ಉರಿ ಹಿಡಿಯದಿದ್ದರೆ ಪಕ್ಕದ ಹಳೆಯ ಕಲ್ಲಿದ್ದಲ ಬಾಯ್ಲರನ್ನು ಹೊತ್ತಿಸುವುದಾಗಿ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದ. ಒಮ್ಮೆ ಹೊತ್ತಿಸಿದರೆ ಅದನ್ನು ಮತ್ತೆ ಆರಿಸುವವರಿಲ್ಲ ಎಂದು ಅವಳಿಗೆ ಗೊತ್ತು. ಆಮೇಲೆ ತೋಪುಗಳನ್ನು ಕೇಳುವವರು ಯಾರು? ಬೇರುಸಹಿತ ಕಿತ್ತು ಸೈಟು ಮಾಡಿ ಮಾರುತ್ತಾರೆ. ಆ ಗಿಡಗಳನ್ನು ಮುಂದೆ ನಿಂತು ನೆಡಿಸಿದವಳು ಅವಳು.

"ಅಪ್ಪ, ನೀನು ಮಾಡಿರೋ ಸ್ಟೂಲೆಲ್ಲ ಬೇಕು. ಈಗಲೇ," ಎಂದು ವಿಷಯ ಹೇಳಿದಳು.

ಜಗಳಕ್ಕೆ ಸೊಂಟ ಕಟ್ಟಿಯೇ ಬಂದಿದ್ದಳು. ಆದರೆ ಅಪ್ಪ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಮನೆಮನೆಯ ಬಾಗಿಲು ತಟ್ಟಿ, ಕೂತವರನ್ನು ಎಬ್ಬಿಸಿ, ಕೈಗಾಡಿ ತುಂಬಿದ. ಅಲ್ಲಿಯವರೆಗೆ ಸರಿ. ಬಾಯ್ಲರಿನ ಮುಂದೆ ನೆಲದ ಮೇಲೆ ಕೂತವನು ಒಂದೊಂದೇ ಸ್ಟೂಲನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ತಟ್ಟಿ ತಟ್ಟಿ ಕಾಲು ಬಿಚ್ಚತೊಡಗಿದ!

"ಅಯ್ಯೋ, ಕೊಡಲಿ ಇದೆಯಲ್ಲಪ್ಪಾ! ಒಡೆದು ಹಾಕು!"

"ನಾನು ಮಾಡಿದ್ದನ್ನ ನಾನೇ ಒಡೀಲಾ? ಬಿಚ್ಚಿದರೆ ಬರುತ್ತೆ, ಇರು."

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮ್ಯಾನೇಜರ್ ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದ. ಬೆಂಕಿ ಹೊತ್ತಿತು, ಏರಿತು. ಇನ್ನೇನು ಚಕ್ಕೆ ಸುರಿಯಬಹುದು ಎನ್ನುವಾಗ ಕೈಗಾಡಿ ಖಾಲಿಯಾಗಿ ಉರಿ ಕುಗ್ಗತೊಡಗಿತು.

ಉಳಿದಿದ್ದು ಒಂದೇ, ಕಂಟ್ರೋಲ್ ರೂಮಿನಲ್ಲಿ ಅವಳು ಕೂರುವ ಸ್ಟೂಲು. ಅಪ್ಪ ಇಲ್ಲಿಗೆ ಬಂದು ಮೊಟ್ಟಮೊದಲು ಮಾಡಿದ್ದು, ಅವಳ ಕಾಲಿನ ಅಳತೆ ನೋಡಿ ಮಾಡಿದ್ದು. ಅವನ ಕಣ್ಣು ಅತ್ತ ಹೋಯಿತು.

"ಅದು ಬೇಡ," ಎಂದಳು.

ಅಂದವಳಿಗೇ ನಾಚಿಕೆಯಾಯಿತು. ಊರವರದೆಲ್ಲ ಸೌದೆ, ತನ್ನದು ಮಾತ್ರ ಸ್ಟೂಲು! ತನ್ನ ಮೇಲೇ ರೇಗುತ್ತ ಹೋಗಿ, ಎತ್ತಿಕೊಂಡು ಬಂದು ಅಪ್ಪನ ಮುಂದೆ ಇಟ್ಟಳು. "ಬಿಚ್ಚಪ್ಪ."

ಬಿಚ್ಚಲು ಹೊತ್ತಿರಲಿಲ್ಲ. ಅಪ್ಪ ಕೊಡಲಿ ಎತ್ತಿದ. ಒಂದೇ ಏಟು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?" ಎಂದ, ತುಂಡುಗಳನ್ನು ಒಲೆಗೆ ದೂಡುತ್ತ. "ಬುಡ ಇಲ್ಲೇ ಕೂತಿದೆಯಲ್ಲ. ಚಿಗುರುತ್ತೆ."

ಚಕ್ಕೆ ಸುರಿದರು. ಉರಿ ಹಿಡಿಯಿತು. ಸಂಜೆ ಊರಿನಲ್ಲಿ ದೀಪ ಬಂದಾಗ ಅವಳು ಕಂಟ್ರೋಲ್ ರೂಮಿನಲ್ಲಿ ನಿಂತೇ ಇದ್ದಳು. ಕೂರಲು ಏನೂ ಇರಲಿಲ್ಲ.