ಬಾಕಿ ಉಳಿದ ಒಡಪು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಗಂಜಿ ಹಚ್ಚಿದ ನೂಲಿನ ಹಾಸುಗಳನ್ನು ಉದ್ದಕ್ಕೆ ಎಳೆದು ಕಟ್ಟಿ, ಬಿಸಿಲು ಗುಡ್ಡ ಇಳಿಯುವುದನ್ನೇ ಎಲ್ಲರೂ ಕಾಯುತ್ತಿದ್ದರು. ಮುಂದೆ ಲಗ್ನದ ದಿನಗಳು, ಸೀರೆಗೆ ಬೇಡಿಕೆ. ಹಾಲಸಿದ್ದಪ್ಪ ಹೊರಗೆ ಹಾಸು ನೋಡಿಕೊಳ್ಳುತ್ತಿದ್ದ. ಪಡಸಾಲೆಯಲ್ಲಿ ಅವನ ಹೆಂಡತಿ ಮಾಯವ್ವ ರಾಟಿ ತಿರುವಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಹರಿದ ಎಳೆಗಳನ್ನು ಹೊಸೆದು ಕೂಡಿಸುತ್ತಿದ್ದ ಸೊಸೆ ದ್ರಾಕ್ಷಾಯಣಿ ಚೀನಾ ದೇಶದ ಕಥೆ ಹೇಳುತ್ತಿದ್ದಳು.

ದ್ರಾಕ್ಷಾಯಣಿ ನರಗುಂದದವಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದ ಹುಡುಗಿ. ಕೈಗೆ ಕೆಲಸವಿದ್ದು ಬಾಯಿ ಖಾಲಿ ಇದ್ದಾಗ ಸಾಲೆಯಲ್ಲಿ ಓದಿದ ಇತಿಹಾಸ ಹೇಳುವುದು ಅವಳ ರೂಢಿ. ಅಕ್ಷರ ಬಾರದ ಮಾಯವ್ವ ಅದನ್ನೆಲ್ಲ ತನ್ನದೇ ಅಳತೆಯಲ್ಲಿ ತುಂಬಿಕೊಳ್ಳುತ್ತಿದ್ದಳು. ನೈಲ್ ನದಿ ಉಕ್ಕಿ ಹೊಲಕ್ಕೆ ಕರಿ ಮಣ್ಣು ತರುತ್ತಿತ್ತು ಎಂದರೆ, ತವರೂರು ಮೆಣಸಗಿಯಲ್ಲಿ ಮಲಪ್ರಭೆ ಬಿಟ್ಟುಹೋಗುವ ಕೆಸರು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಭೂಮಿ ತಿರುಗುತ್ತದೆ ಎಂದ ಗೆಲಿಲಿಯೋನನ್ನು ಮುಪ್ಪಿನಲ್ಲಿ ಮನೆಯೊಳಗೆ ಕೂಡಿಹಾಕಿದರು ಎಂದು ಕೇಳಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ಇವತ್ತಿನ ಕಥೆ ರೇಷ್ಮೆಯದು. ಗುಟ್ಟು ಹೊರಗೆ ಹೋಗಬಾರದೆಂದು ಚೀನಾದವರು ಕಾವಲಿಟ್ಟಿದ್ದಾಗ, ಪರದೇಶಕ್ಕೆ ಲಗ್ನವಾಗಿ ಹೊರಟ ರಾಜಕುಮಾರಿಯೊಬ್ಬಳು ಹುಳದ ತತ್ತಿಗಳನ್ನು ತುರುಬಿನಲ್ಲಿ ಮುಚ್ಚಿಕೊಂಡು ಒಯ್ದಳಂತೆ. ಮಾಯವ್ವನ ರಾಟಿ ನಿಂತಿತು.

"ಇದನ್ನೂ ಅದರಾಗ ಸೇರಸವಾ," ಎಂದಳು.

ಅದು ಎಂದರೆ ಒಡಪು. ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳಬಾರದು, ಪ್ರಾಸ ಕಟ್ಟಿದ ಒಡಪಿನಲ್ಲಿಟ್ಟು ಹೇಳಬೇಕು. ಮಾಯವ್ವ ಮದುವೆಯಾಗಿ ಈ ಮನೆಗೆ ಬಂದ ದಿನ ಗಂಡನ ಅಕ್ಕ ಉಡಚವ್ವ ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದ್ದಳು. ಹುಡುಗಿಯ ನಾಲಿಗೆ ಏಳಲಿಲ್ಲ. ಹೊತ್ತು ಮೀರಿದ ಮೇಲೆ ಉಡಚವ್ವ, ಬಾಕಿ ಇರಲಿ ಎಂದು ಒಳಗೆ ಬಿಟ್ಟಿದ್ದಳು. ಆ ಬಾಕಿಯನ್ನು ಅವಳು ಮರೆಯಲಿಲ್ಲ. ಯಾವ ಬಸುರಿಯ ಕುಬುಸ, ಯಾವ ಕೂಸಿನ ತೊಟ್ಟಿಲು ಇದ್ದರೂ ಬಳಗದ ನಡುವೆ ಮಾಯವ್ವನನ್ನು ತೋರಿಸಿ, ನಮ್ಮ ಮೂಕ ಬಸವಣ್ಣ ಬಂದಳು ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಮಾಯವ್ವನೂ ನಗುತ್ತಿದ್ದಳು. ಮನೆಗೆ ಬಂದು ರಾಟಿಯ ಮುಂದೆ ಕೂತರೆ ಮಾತ್ರ ನೂಲು ಮೇಲಿಂದ ಮೇಲೆ ಹರಿದು ತುಂಡಾಗುತ್ತಿತ್ತು.

ಈಗ ರೋಣದಲ್ಲಿ ಉಡಚವ್ವನ ಕಿರಿಮಗನ ಲಗ್ನ. ಈ ಸಲ ಬಾಕಿ ತೀರಿಸಲೇಬೇಕು ಎಂದು ಮಾಯವ್ವ ನಿಶ್ಚಯಿಸಿದ್ದಳು. ಆದರೆ ಒಮ್ಮೆ ಕೇಳಿದ ಒಡಪು ಆ ಬಳಗದಲ್ಲಿ ಮತ್ತೆ ನಡೆಯುತ್ತಿರಲಿಲ್ಲ. ಬೆಳ್ಳಿ ತಟ್ಟೆ, ತುಳಸಿ, ಮಲ್ಲಿಗೆಯ ಒಡಪುಗಳೆಲ್ಲ ಮುಗಿದುಹೋಗಿದ್ದವು. ಮುಗಿಯದೆ ಉಳಿದದ್ದು ದ್ರಾಕ್ಷಾಯಣಿ ಹೇಳುವ ಜಗತ್ತು ಒಂದೇ. ಅತ್ತೆ ಸೊಸೆ ಕೂಡಿ ಒಂದೊಂದೇ ಸಾಲು ಕಟ್ಟಿದರು. ನಿಮ್ಮ ಬದಲಿ ನಾನೇ ಹೇಳುತ್ತೇನೆ ಎಂದು ದ್ರಾಕ್ಷಾಯಣಿ ಅಂದದ್ದಕ್ಕೆ ಮಾಯವ್ವ ಒಪ್ಪಲಿಲ್ಲ.

ಕಲಿಸುವಾಗ ಒಂದು ತೊಡಕಿತ್ತು. ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಹೆಂಡತಿಯೂ ಸುಮ್ಮಸುಮ್ಮನೆ ಹೇಳುವಂತಿಲ್ಲ. ಹಾಗಾಗಿ ಹೆಸರು ಬರುವ ಜಾಗದಲ್ಲಿ ದ್ರಾಕ್ಷಾಯಣಿ ಲಾಳಿಯಿಂದ ಮಗ್ಗದ ಕಟ್ಟಿಗೆಗೆ ಟಕ್ಕೆಂದು ಬಡಿದು ಮುಂದೆ ಹೋಗುತ್ತಿದ್ದಳು. ಮಾಯವ್ವನೂ ಹಾಗೆಯೇ ಕಲಿತಳು.

ಲಗ್ನದ ದಿನ ಸಂಜೆ ಉಡಚವ್ವನ ಹೊಸ ಸೊಸೆ ಒಡಪು ಹೇಳಿ ಹೊಸ್ತಿಲು ದಾಟಿದಳು. ಹಿಂದೆ ಆರತಿ ಹಿಡಿದು ಬಂದ ಮಾಯವ್ವನಿಗೆ ಉಡಚವ್ವ ಅಡ್ಡಗೈ ಹಾಕಿದಳು.

"ಹೊಸಾಕಿ ಹೇಳಿದಳು. ನಿನ್ನ ಹಳೇ ಬಾಕಿ ಯಾವಾಗ?"

"ಈಗರಿ, ಅಕ್ಕಾರ," ಎಂದಳು ಮಾಯವ್ವ. ಆರತಿ ತಟ್ಟೆಯನ್ನು ದ್ರಾಕ್ಷಾಯಣಿಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಶುರುಮಾಡಿದಳು.

"ನೈಲ್ ನದಿ ಉಕ್ಕಿದರ ಹೊಲಕ್ಕೆಲ್ಲಾ ಕೆಸರ,
ಅಜಂತಾದ ಗವಿಯೊಳಗ ಬಣ್ಣಾ ಇನ್ನೂ ಹಸರ,
ಕಳಿಂಗದ ರಗತ ಕಂಡು ಅಶೋಕ ಬಿಟ್ಟ ನಿಟ್ಟುಸರ,
ಭೂಮಿ ತಿರಗತೈತಿ ಅಂದ ಮುದುಕಗ ಮನ್ಯಾಗ ಕಟ್ಟಿದರ ಉಸರ,
ಚೀನಾದ ರಾಜನ ಮಗಳು ತುರುಬಿನಾಗ ಒಯ್ದಳ ರೇಷ್ಮಿ ಬಸರ,
ಲೋಕಾ ಸುತ್ತಿ ಬಂದು ಹೊಸ್ತಿಲಕ ನಿಂತ ಹೇಳತೀನಿ..."

ಅಷ್ಟು ಹೇಳಿ ಬಾಗಿಲ ಚೌಕಟ್ಟಿಗೆ ಬೆರಳಿನಿಂದ ಟಕ್ಕೆಂದು ಬಡಿದು, "ಅವರ ಹೆಸರ," ಎಂದು ಮುಗಿಸಿದಳು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೆಂಗಸರೆಲ್ಲ ನಕ್ಕರು. ಲೋಕವೆಲ್ಲ ಸಿಕ್ಕಿತು, ಗಂಡನೇ ಕಳೆದುಹೋದ ಎಂದು ಯಾರೋ ಅಂದರು. ಉಡಚವ್ವ ಕೈ ತೆಗೆಯಲಿಲ್ಲ.

"ನಮ್ಮ ತಮ್ಮಗ ಕಟ್ಟಿಗಿ ಅಂತ ಹೆಸರಿಟ್ಟಿಯೇನ?"

ತಪ್ಪು ಎಲ್ಲಿಯದೆಂದು ದ್ರಾಕ್ಷಾಯಣಿಗೆ ಗೊತ್ತಿತ್ತು, ಆದರೆ ಆ ಹೆಸರು ಅವಳ ಬಾಯಿಂದ ಬರುವಂತಿರಲಿಲ್ಲ. ಮಾಯವ್ವ ಸೊಸೆಯನ್ನೊಮ್ಮೆ ನೋಡಿದಳು. ತನಗೇ ನಗು ಬಂತು. ಕಡೆಯ ಸಾಲನ್ನು ಮೊದಲಿಂದ ಹಿಡಿದು, ಅಂಗಳದ ಗಂಡಸರಿಗೂ ಕೇಳುವ ಹಾಗೆ ಹೇಳಿದಳು.

"ಲೋಕಾ ಸುತ್ತಿ ಬಂದು ಹೊಸ್ತಿಲಕ ನಿಂತ ಹೇಳತೀನಿ, ಹಾಲಸಿದ್ದಪ್ಪ ಅವರ ಹೆಸರ."

ಬೇವಿನ ಗಿಡದ ಕೆಳಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಹಾಲಸಿದ್ದಪ್ಪನ ಕೈ ಅಲ್ಲೇ ನಿಂತಿತು. ಹೆಂಡತಿಯ ಬಾಯಲ್ಲಿ ಅವನು ತನ್ನ ಹೆಸರು ಕೇಳಿದ್ದು ಅದೇ ಮೊದಲು. ಬದಿಗೆ ಕೂತವರು ಏನೋ ಚೇಷ್ಟೆ ಮಾಡಿದರು. ಅವನು ರುಮಾಲನ್ನು ತೆಗೆದು ಮತ್ತೆ ಸುತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತ.

ಉಡಚವ್ವ ಅಡ್ಡಗೈ ತೆಗೆದು ಬಾಕಿ ತೀರಿತು ಎಂದಳು. ಮಾಯವ್ವ ದಾಟಲಿಲ್ಲ.

"ಈಗ ನಿಮ್ಮದ್ರಿ. ಹಳೇದು ನಡಿಯಂಗಿಲ್ಲ."

ಉಡಚವ್ವ ಬಾಯಿ ತೆರೆದಳು. ಬೆಳ್ಳಿ ತಟ್ಟೆಯಿಂದ ಶುರುಮಾಡಿದರೆ ಎಲ್ಲರಿಗೂ ಗೊತ್ತು, ತುಳಸಿಯೂ ಗೊತ್ತು. ಒಳಗೆ ಸಾರು ಉಕ್ಕುತ್ತಿದೆ ಎಂದು ನೆಪ ಹೇಳಿ ಒಲೆಯ ಕಡೆ ನಡೆದಳು. ಮಾಯವ್ವ ಬಲಗಾಲಿಟ್ಟು ಒಳಗೆ ಬಂದಳು.

ಊಟದ ಪಂಕ್ತಿಯಲ್ಲಿ ಬಡಿಸುತ್ತ ಬಂದ ಉಡಚವ್ವ ಮಾಯವ್ವನ ಎಲೆಯ ಮುಂದೆ ಬಗ್ಗಿ, ಹೋಳಿಗೆಯ ಮೇಲೆ ತುಪ್ಪ ಸುರಿದು, ದನಿ ತಗ್ಗಿಸಿ ಕೇಳಿದಳು.

"ಅಲ್ಲವಾ, ಆ ತುರುಬಿನ ಹುಡುಗಿ ಕಾವಲದವರ ಕೈಗೆ ಸಿಕ್ಕಳೇನ?"

"ಹೇಳತೇನ್ರಿ," ಎಂದಳು ಮಾಯವ್ವ, "ಮೊದಲ ನಿಮ್ಮ ಬಾಕಿ ತೀರಸ್ರಿ."